ಕೊನೆಯ ಚೂರಿನ ಕೆಳಗೆ ರೊಟ್ಟಿ

ಮೂರನೇ ತರಗತಿಯ ರೇಣವ್ವ ತನ್ನ ಚಿತ್ರದ ಕೊನೆಯ ಚೂರು ಅಂಟಿಸುವ ಮೊದಲು ಅದರ ಕೆಳಗೆ ರೊಟ್ಟಿಯ ತುಣುಕು ತುರುಕುತ್ತಿದ್ದಳು. ಬಣ್ಣದ ಕಾಗದ ಕತ್ತರಿಸಿ ಅಂಟಿಸಿಯೇ ಹೆಸರಾದ ಪರದೇಶದ ಕಲಾವಿದನೊಬ್ಬನ ಚಿತ್ರ ತೋರಿಸಿ, ಹಾಗೆಯೇ ಮಾಡಿರೆಂದು ಹೊಳೆಆಲೂರಿನ ನಮ್ಮ ಶಾಲೆಯ ಮಕ್ಕಳಿಗೆ ಹಳೆಯ ಕ್ಯಾಲೆಂಡರ್ ಹಂಚಿದ್ದೆ.

“ಏ ಹುಡುಗಿ, ತಿನ್ನೂ ರೊಟ್ಟಿ ಹಾಳ ಮಾಡ್ತೀಯೇನ?” ಎಂದು ಗದರಿದೆ.

“ಇಲ್ರಿ ಅಕ್ಕಾರ. ನಮ್ಮವ್ವ ಹಳೇ ಸೀರಿ ತುಂಡ ಕೂಡಿಸಿ ಹೊದಿಯೂ ಕೌದಿ ಹೊಲೀತಾಳಲ್ರಿ, ಅದನ್ನ ಮುಗಸೂಮುಂದ ನಡುವ ರೊಟ್ಟಿ ಚೂರ ಇಟ್ಟ ಹೊಲೀತಾಳ್ರಿ. ಕೌದಿ ಉಪಾಸ ಇರಬಾರದಂತ್ರಿ.”

ಗೋಂದಿನ ಡಬ್ಬಿಯನ್ನು ಅವಳತ್ತ ಸರಿಸಿದೆ.

ಎಲ್ಲರ ಚಿತ್ರಗಳನ್ನೂ ಗೋಡೆಗೆ ಹಚ್ಚಿದೆವು. ಎರಡೇ ದಿನದಲ್ಲಿ ರೇಣವ್ವನ ಚಿತ್ರಕ್ಕೆ ಮಾತ್ರ ಇರುವೆಗಳು ಸಾಲುಗಟ್ಟಿದವು. ಜಾಡಿಸಲೆಂದು ಕಸಬರಿಗೆ ಎತ್ತಿದವಳು ಹಾಗೆಯೇ ಕೆಳಗಿಟ್ಟೆ. ಉಣ್ಣುವವರನ್ನು ನಡುವೆ ಎಬ್ಬಿಸಬಾರದು.