ಗಿರಣಿ ಮುತ್ತಣ್ಣನ ದಿನಬಳಕೆಯ ಸೂಟು

ಹಲಸೂರಿನ ನಮ್ಮ ಬೀದಿಯಲ್ಲಿ ಮದುವೆಯಾದ ಗಂಡಸರಿಗೆಲ್ಲ ಒಂದೊಂದು ಸೂಟು ಇದೆ. ರಿಸೆಪ್ಷನ್ನಿಗೆಂದು ಹೆಣ್ಣಿನ ಕಡೆಯವರು ಹೊಲಿಸಿಕೊಟ್ಟದ್ದು. ಒಂದು ಸಂಜೆ ಅದನ್ನು ಹಾಕಿಕೊಂಡು, ಸ್ಟೇಜಿನ ಮೇಲೆ ಬೆವರುತ್ತ ಫೋಟೋ ತೆಗೆಸಿಕೊಂಡರೆ ಅದರ ಕೆಲಸ ಮುಗಿಯಿತು. ಆಮೇಲೆ ಅದು ಬೀರುವಿನಲ್ಲಿ ನುಸಿಗುಳಿಗೆಗಳ ಜೊತೆ ಸಂಸಾರ ಮಾಡುತ್ತದೆ, ಇತ್ತ ಯಜಮಾನರ ಹೊಟ್ಟೆ ಗುಂಡಿಗಳ ಕೈಗೆ ಸಿಗದಷ್ಟು ಮುಂದೆ ಹೋಗುತ್ತದೆ. ಇದನ್ನು ಯಾರೂ ದಂಡ ಅನ್ನುವುದಿಲ್ಲ, ಮರ್ಯಾದೆ ಅನ್ನುತ್ತಾರೆ.

ಹಿಟ್ಟಿನ ಗಿರಣಿಯ ಮುತ್ತಣ್ಣ ಮಾತ್ರ ಮದುವೆಯಾದ ಮರುವಾರವೇ ಮಾವ ಹೊಲಿಸಿಕೊಟ್ಟ ಸೂಟನ್ನು ವೇಸ್ಟ್‌ಕೋಟು, ಟೈ ಸಮೇತ ಹಾಕಿಕೊಂಡು ಬಂದು ಗಿರಣಿಯ ಬಾಗಿಲು ತೆಗೆದ. "ಬಟ್ಟೆ ಇರೋದು ಹಾಕ್ಕೊಳ್ಳೋಕೆ ತಾನೇ?" ಅಂದ. ಅಂದಿನಿಂದ ಹಾಲು ತರಲು ಸೂಟು, ಮೀನು ತರಲು ಸೂಟು, ಕಸದ ಗಾಡಿಯ ಹಿಂದೆ ಬಕೆಟ್ಟು ಹಿಡಿದು ಓಡುವುದಕ್ಕೂ ಸೂಟು. ಹೊಟ್ಟೆ ಬಂದ ಗಂಡಸರು ತಮ್ಮ ಸೂಟುಗಳನ್ನೂ ಅವನಿಗೇ ದಾನ ಮಾಡಿದರು. ಶಿವಾಜಿನಗರದ ಟೈಲರ್ ಅನೀಸ್ ಭಾಯ್ ಅವನ್ನೆಲ್ಲ ಅವನ ಅಳತೆಗೆ ಸರಿಮಾಡಿಕೊಟ್ಟರು. ಬೂದು ಬಣ್ಣದ್ದು ರಾಗಿ ಬೀಸುವ ದಿನಕ್ಕೆ, ಕೆನೆ ಬಣ್ಣದ್ದು ಅಕ್ಕಿಯ ದಿನಕ್ಕೆ. ಮಾವನ ಮನೆಯ ಕಪ್ಪು ಸೂಟು ಭಾನುವಾರಕ್ಕೆ, ಯಾಕೆಂದರೆ ಅವತ್ತು ಗಿರಣಿಗೆ ರಜೆ.

"ಬ್ಯಾಂಡ್‌ಸೆಟ್ ಎಲ್ಲಿ ಗುರು?" ಎಂದು ಹೋಟೆಲಿನ ಮುಂದೆ ನಿಂತವರು ಕೂಗುತ್ತಿದ್ದರು. ಮುತ್ತಣ್ಣನೂ ಕಮ್ಮಿಯಿಲ್ಲ. ಮೆಟ್ರೋದಲ್ಲಿ ಯಾರಾದರೂ 'ಸಾರ್' ಅಂದುಬಿಟ್ಟರೆ ತನ್ನ ಸ್ಟೇಷನ್ ಬಂದದ್ದೂ ಗೊತ್ತಾಗದಷ್ಟು ಹಿಗ್ಗುತ್ತಿದ್ದ.

ಮಗಳು ಪ್ರಿಯದರ್ಶಿನಿಗೆ ಇದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ. ಶಾಲೆಯಲ್ಲಿದ್ದಾಗ ಗೆಳತಿಯರು "ನಿಮ್ಮಪ್ಪ ವೇಟರಾ?" ಎಂದು ಕೇಳಿದ್ದು ಅವಳ ಮನಸ್ಸಿನಲ್ಲಿ ಹಾಗೇ ಕೂತಿತ್ತು. ಈಗ ಅವಳು ಇಂದಿರಾನಗರದ ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದಾಳೆ. ಕೆ.ಆರ್.ಪುರದಿಂದ ಸೂರ್ಯ ಎಂಬ ಹುಡುಗನ ಸಂಬಂಧ ಬಂದಿತ್ತು, ಫೋನಿನಲ್ಲಿ ಮಾತಾಡಿ ಇಷ್ಟವೂ ಆಗಿತ್ತು. ದಲ್ಲಾಳಿ ಹುಲಿಗೆಪ್ಪ ಆ ಕಡೆಯವರಿಗೆ ಹೇಳಿದ್ದ: "ಫ್ಲೋರ್ ಮಿಲ್ ಓನರ್ರು. ದಿನಾ ಸೂಟಲ್ಲೇ ಇರ್ತಾರೆ." ದಲ್ಲಾಳಿಯ ಬಾಯಲ್ಲಿ ಒಂದಕ್ಷರವೂ ಸುಳ್ಳಿಲ್ಲದ ಮಾತು ಬಂದದ್ದು ಅದೇ ಮೊದಲಿರಬೇಕು.

ಅವರು ನೋಡಲು ಬರುವ ಹಿಂದಿನ ದಿನ ಪ್ರಿಯದರ್ಶಿನಿ ಅಪ್ಪನ ಮುಂದೆ ನಿಂತಳು. "ಅಪ್ಪಾ, ನಾಳೆ ಒಂದು ದಿನ ಎಲ್ಲರ ಅಪ್ಪಂದಿರ ಥರ ಇರು. ಪಂಚೆ ಉಟ್ಕೋ. ಅವರ ಮುಂದೆ ನಗೆಪಾಟಲು ಬೇಡ."

ಮುತ್ತಣ್ಣ "ಆಯ್ತಮ್ಮ" ಅಂದ. ಅಷ್ಟೇ ಅಂದ.

ಪಕ್ಕದ ಮನೆಯ ಹಿರಿಯ ಎಂಬ ನೆಪದಲ್ಲಿ ನಾನೂ ಬಜ್ಜಿಯ ಆಸೆಗೆ ಹೋಗಿ ಕೂತಿದ್ದೆ. ಹುಲಿಗೆಪ್ಪ ಹುಡುಗನ ಕಡೆಯವರನ್ನು ಇಳಿಸಿ, ಕಾರು ನಿಲ್ಲಿಸಲು ಜಾಗ ಹುಡುಕುತ್ತ ಎಲ್ಲೋ ಹೋದ. ನಮ್ಮ ಬೀದಿಯಲ್ಲಿ ಅದು ಬೇಗ ಮುಗಿಯುವ ಕೆಲಸವಲ್ಲ. ಹಾಗಾಗಿ ಹುಡುಗ ಮತ್ತು ಅವನ ತಾಯಿ ಯಮುನಾ ಇಬ್ಬರೇ ಬಾಗಿಲಿಗೆ ಬಂದರು. ಪಂಚೆ, ಬಿಳಿ ಅಂಗಿಯ ಮುತ್ತಣ್ಣ ಕೈ ಮುಗಿದ. ಆಕೆ ಅವನ ಮುಗಿದ ಕೈಗೇ ಹಣ್ಣಿನ ಚೀಲ ತುರುಕಿದರು.

"ಇದನ್ನ ಒಳಗಿಡಪ್ಪ. ಕುಡಿಯೋಕೆ ನೀರು ತಗೊಂಬಾ. ಹಂಗೇ ಸಾಹೇಬ್ರಿಗೆ ಹೇಳು, ಕೆ.ಆರ್.ಪುರದವರು ಬಂದಿದ್ದಾರೆ ಅಂತ."

ನಾನು ಬಾಯಿ ತೆರೆದೆ. ಮುತ್ತಣ್ಣ ಕಣ್ಣಲ್ಲೇ ತಡೆದ. ನೀರು ತಂದುಕೊಟ್ಟ, ಆಕೆ ಕುಡಿದು ಲೋಟವನ್ನು ಮುಖ ನೋಡದೆಯೇ ಹಿಂದಕ್ಕೆ ಚಾಚಿದರು. ನನಗೆ ಮೈಯೆಲ್ಲ ಉರಿಯಿತು. ಮುತ್ತಣ್ಣ ಲೋಟವನ್ನು ಅಲ್ಲೇ ಸ್ಟೂಲಿನ ಮೇಲಿಟ್ಟು ಒಳಗೆ ಹೋದ. ಒಳಗಿನ ಕೋಣೆಯಿಂದ ಪ್ರಿಯದರ್ಶಿನಿಯ ದನಿ ಕೇಳಿಸಿತು.

"ಹಾಕ್ಕೋ ಅಪ್ಪ."

"ನೀನೇ ಬೇಡ ಅಂದ್ಯಲ್ಲಮ್ಮ?"

"ಈಗ ನಾನೇ ಹೇಳ್ತಿದೀನಿ. ಹಾಕ್ಕೋ."

ಸ್ವಲ್ಪ ಹೊತ್ತಿಗೆ ಮುತ್ತಣ್ಣ ಕಪ್ಪು ಸೂಟಿನಲ್ಲಿ ಹೊರಗೆ ಬಂದ. ಯಮುನಾ ದಡಬಡಿಸಿ ಎದ್ದು ನಿಂತರು. "ನಮಸ್ಕಾರ ಸಾರ್! ನಿಮ್ಮ ಬಗ್ಗೆ ತುಂಬಾ ಕೇಳಿದೀವಿ. ನೋಡಿದ್ರೇನೇ ಗೊತ್ತಾಗುತ್ತೆ ಬಿಡಿ, ದೊಡ್ಡ ಮನೆತನ. ನಿಮ್ಮ ಆಳಿಗೆ ಮಾತ್ರ ಸ್ವಲ್ಪ ಹೇಳ್ಬೇಕು ಸಾರ್, ತಟ್ಟೆ ಇಲ್ದೆ ಬರೀ ಕೈಯಲ್ಲಿ ಲೋಟ ತಂದ."

"ಹೇಳ್ತೀನಮ್ಮ," ಅಂದ ಮುತ್ತಣ್ಣ. ಅವನ ಮುಖದಲ್ಲಿ ಹಿಗ್ಗಿರಲಿಲ್ಲ. 'ಸಾರ್' ಎಂಬ ಮಾತು ಅವನಿಗೆ ರುಚಿಸದೆ ಹೋದದ್ದನ್ನು ನಾನು ಅವತ್ತೇ ನೋಡಿದ್ದು.

ಆಕೆ ಸೀದಾ ವಿಷಯಕ್ಕೆ ಬಂದರು. "ನಮ್ಮ ಸೂರ್ಯಂಗೆ ರಿಸೆಪ್ಷನ್ ಸೂಟು ನಿಮ್ಮ ಕಡೆಯಿಂದಾನೇ ಅಲ್ವಾ ಸಾರ್? ನಿಮಗೆ ಹೇಳಿಕೊಡಬೇಕಾ, ಒಳ್ಳೇ ಅಂಗಡೀಲೇ ಹೊಲಿಸಿ."

ಹುಡುಗ ನೆಲ ನೋಡುತ್ತಿದ್ದ. ಅವನ ಎದುರಿನ ಗೋಡೆಯ ಮೇಲೆ ಮುತ್ತಣ್ಣ, ಗೋವಿಂದಮ್ಮ ದಂಪತಿಯ ರಿಸೆಪ್ಷನ್ ಫೋಟೋ ಇತ್ತು. ಇದೇ ಸೂಟು, ಇದೇ ಮೂಗು, ಇದೇ ಮೀಸೆ. ತಾಯಿ ಕೂತದ್ದು ಅದಕ್ಕೆ ಬೆನ್ನು ಮಾಡಿ.

ಪ್ರಿಯದರ್ಶಿನಿ ಕಾಫಿ ತಂದಳು, ತಟ್ಟೆಯಲ್ಲೇ. ಸೂರ್ಯನಿಗೆ ಲೋಟ ಕೊಡುತ್ತ ಕೇಳಿದಳು: "ನೀರು ಕೊಟ್ಟವರು ಯಾರು ಅಂತ ನಿಮಗೆ ಗೊತ್ತಾಯ್ತಾ?"

ಅವನು ಕೆಂಪಾದ. "ಗೊತ್ತಾಯ್ತು."

"ಯಾವಾಗ?"

"ಆಗಲೇ... ಫೋಟೋ ನೋಡ್ದೆ."

"ನಿಮ್ಮಮ್ಮ ಮುಖ ನೋಡ್ಲಿಲ್ಲ, ಬಿಡಿ. ನೀವು ನೋಡಿದ್ರಲ್ಲ?"

ಯಮುನಾ ತಿರುಗಿ ಫೋಟೋ ನೋಡಿದರು, ಮುತ್ತಣ್ಣನನ್ನು ನೋಡಿದರು, ಕೊನೆಗೆ ಸ್ಟೂಲಿನ ಮೇಲಿದ್ದ, ತಾವೇ ಕುಡಿದು ಕೊಟ್ಟ ನೀರಿನ ಲೋಟವನ್ನು ನೋಡಿದರು. ಹುಲಿಗೆಪ್ಪನಿಗೆ ಕಾರು ನಿಲ್ಲಿಸಲು ಜಾಗ ಸಿಕ್ಕಿ ಅವನು ಏದುಸಿರು ಬಿಡುತ್ತ ಬರುವ ಹೊತ್ತಿಗೆ ತಾಯಿ, ಮಗ ಇಬ್ಬರೂ ಮೆಟ್ಟಿಲು ಇಳಿಯುತ್ತಿದ್ದರು. ಹಣ್ಣಿನ ಚೀಲವನ್ನು ಮುತ್ತಣ್ಣನೇ ಓಡಿ ಹೋಗಿ ಕಾರಿನಲ್ಲಿಟ್ಟು ಬಂದ. ಅಂಥ ಪೆದ್ದ ಅವನು.

ಮರುದಿನ ಗಿರಣಿಯ ಮುಂದೆ ಡಬ್ಬ ಹಿಡಿದ ಹೆಂಗಸರು ಸಾಲಾಗಿ ನಿಂತಿದ್ದರು. ಮುತ್ತಣ್ಣ ಪಂಚೆಯಲ್ಲಿ ರಾಗಿ ಬೀಸುತ್ತಿದ್ದ. ಬೀದಿಗೆ ಸುದ್ದಿ ಮುಟ್ಟಿತ್ತು, ಅದಕ್ಕೇ ಬೀಸಲು ಏನೂ ಇಲ್ಲದವರೂ ಬಂದಿದ್ದರು. ಕೆಲಸಕ್ಕೆ ಹೊರಟ ಪ್ರಿಯದರ್ಶಿನಿ ಆ ಸಾಲನ್ನು ದಾಟಿ ಒಳಗೆ ಬಂದಳು. ಅವಳ ಕೈಯಲ್ಲಿ ಇಸ್ತ್ರಿ ಮಾಡಿದ ಬೂದು ಬಣ್ಣದ ಕೋಟಿತ್ತು.

"ಇವತ್ತು ರಾಗಿ ಅಲ್ವಾ ಅಪ್ಪ?" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ತೋಳು ತೂರಿಸಲು ಕೋಟನ್ನು ಹಿಡಿದು ನಿಂತಳು.