ಹದಿನಾಲ್ಕು ಸುತ್ತು, ಸುಣ್ಣದಲ್ಲಿ

ಮುರಗೋಡದ ಆಚೆಗಿನ ನಮ್ಮೂರಿನಲ್ಲಿ ಗರಡಿಮನೆಗೆ ತಾಲೀಮು ಅನ್ನುತ್ತಾರೆ. ಆ ತಾಲೀಮಿನ ಗೋಡೆಯ ಮೇಲೆ ನಮ್ಮಪ್ಪನ ಹೆಸರಿತ್ತು, ಕೆಳಗೆ ‘ಹನ್ನೊಂದು ಸುತ್ತು’ ಎಂದು. ನಾಗರ ಪಂಚಮಿಯ ದಿನ ಕ್ವಿಂಟಲ್ ಜೋಳದ ಚೀಲ ಬೆನ್ನಿಗೇರಿಸಿಕೊಂಡು ಹನುಮಪ್ಪನ ಗುಡಿ ಸುತ್ತಬೇಕು. ಎಲ್ಲರಿಗಿಂತ ಹೆಚ್ಚು ಸುತ್ತಿದವನ ಹೆಸರು ಗೋಡೆ ಏರುತ್ತದೆ. ಅದನ್ನು ಇನ್ನೊಬ್ಬ ಮುರಿಯುವ ತನಕ ಪ್ರತಿ ಪಂಚಮಿಗೂ ಚೀಲಕ್ಕೆ ಮೊದಲ ಅರಿಷಿಣ ಹಚ್ಚುವ ಮಾನ ಆ ಮನೆಯದು. ನಾನು ಹುಟ್ಟುವ ಮೊದಲಿನಿಂದ ಆ ಮಾನ ನಮ್ಮದಾಗಿತ್ತು. ನಮಗೆ ಹೊಲ ಕಡಿಮೆ, ನನಗೆ ಓದು ಇನ್ನೂ ಕಡಿಮೆ, ಸೊಕ್ಕು ಮಾತ್ರ ಊರಿಗೆ ಹಂಚುವಷ್ಟಿತ್ತು.

ಚೀಲವನ್ನು ವರ್ಷಕ್ಕೊಂದು ಮನೆಯವರು ಪಾಳಿಯ ಮೇಲೆ ತುಂಬಿ ಕೊಡುತ್ತಿದ್ದರು. ತೂಗುವ ಪದ್ಧತಿ ಇರಲಿಲ್ಲ. ದೊಡ್ಡ ಮನೆತನದವರು ತುಂಬಿದ ಚೀಲವನ್ನು ತೂಗುವುದೆಂದರೆ ಅವರ ಮುಖಕ್ಕೆ ಉಗಿದಂತೆ. ಆಟ ಮುಗಿದ ಮೇಲೆ ಆ ಜೋಳ ಗುಡಿಯ ಪ್ರಸಾದಕ್ಕೆ ಹೋಗುತ್ತಿತ್ತು. ಅಪ್ಪ ಗೆದ್ದ ವರ್ಷ ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಚೀಲವನ್ನು ಮೊದಲು ಮನೆಗೆ ತರಿಸಿ, ಮೊರದಲ್ಲಿ ಕೇರಿ ಹಸನು ಮಾಡಿ, ಮರುದಿನ ಗುಡಿಗೆ ಕಳಿಸಿದನಂತೆ. ದೇವರ ಪಾಲಿಗೆ ಒಂದು ಹರಳೂ ಹೋಗಬಾರದೆಂಬ ಭಕ್ತಿ. ಈ ಕಥೆಯನ್ನು ನಾನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಸವದತ್ತಿಯಲ್ಲಿ ಹಮಾಲಿ ಮಾಡುತ್ತಿದ್ದ, ನಮ್ಮ ಹಿಂದಿನ ಓಣಿಯವನೊಬ್ಬ ಪಂಚಮಿಗೆ ಬಂದು, ಚೀಲ ಮುಟ್ಟುವ ಮೊದಲೇ “ತೂಗ್ರಿ” ಎಂದ. ಹಿರಿಯರ ಮುಖ ಕೆಂಪಾಯಿತು. ಅವನು ಹಟ ಬಿಡಲಿಲ್ಲ. ಕೊನೆಗೆ ತಕ್ಕಡಿ ಬಂತು, ಒಂದು ಕ್ವಿಂಟಲ್ ಸರಿಯಾಗಿ ತೂಗಿತು. ಅವನು ಅದನ್ನು ಹೊತ್ತು ಹದಿನಾಲ್ಕು ಸುತ್ತು ಹಾಕಿ, ಇಳಿಸಿ, ನೀರು ಕೇಳಿದ. ಹಲಗೆ ವಾದ್ಯದವರು ಬಾರಿಸುವುದನ್ನೇ ಮರೆತು ನಿಂತಿದ್ದರು.

ನಮ್ಮ ಮನೆಯ ಮಾನ ಹೋಯಿತು. ಆದರೆ ಅದೇ ವಾರ ತಾಲೀಮಿನ ಹಿತ್ತಲಲ್ಲಿ ತಾಕತ್ತಿನ ಇಂಜೆಕ್ಷನ್ನಿನ ಎರಡು ಖಾಲಿ ಬಾಟಲಿ ಸಿಕ್ಕವು. ಅವು ಯಾರವು ಎಂದು ಯಾರಿಗೂ ಗೊತ್ತಿಲ್ಲ. ಅವನವೇ ಎಂದು ಮಾತ್ರ ಎಲ್ಲರಿಗೂ ಗೊತ್ತು. ಒಂದೇ ವರ್ಷದಲ್ಲಿ ಅವನ ಹೆಗಲು ಹೇಗೆ ಉಬ್ಬಿತು, ಬೆನ್ನ ತುಂಬ ಮೊಡವೆ ಯಾಕೆ, ಮಾತಿಗೊಮ್ಮೆ ಸಿಟ್ಟೇಕೆ ಎಂದು ನಾನೇ ಚಹಾದಂಗಡಿಯಲ್ಲಿ ಕುಳಿತು ಊರಿಗೆಲ್ಲ ಪಾಠ ಮಾಡಿದೆ. ದಿನವಿಡೀ ಚೀಲ ಹೊರುವವನ ಹೆಗಲು ಉಬ್ಬದೆ ಇನ್ನೇನಾದೀತು ಎಂದು ಕೇಳುವ ತಲೆ ಅಲ್ಲಿ ಒಂದೂ ಇರಲಿಲ್ಲ. ನನ್ನದಂತೂ ಇರಲೇ ಇಲ್ಲ.

ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂಡಿದರು. ಸಾಲಿ ಮಾಸ್ತರರು ಪೇಪರು ತಂದಿದ್ದರು.

“ಅಮೆರಿಕಾದಾಗ ಬೇಸ್‌ಬಾಲ್ ಆಡಾವ್ರ ಮ್ಯಾಲೂ ಇದ ಸಂಶೇ ಐತ್ರಿ. ಔಷಧ ತಗೊಂಡು ದಾಖಲೆ ಮಾಡ್ಯಾರಂತ. ಅದನ್ನ ಹೊಗಳಬೇಕೋ ಬ್ಯಾಡೋ ಅಂತ ಅಲ್ಲೂ ಬಡದಾಡಾಕ ಹತ್ಯಾರ.”

“ಬೇಸ್‌ಬಾಲ್ ಅಂದ್ರ ಏನ್ರಿ?”

“ನಮ್ಮ ಚಿಣಿಫಣಿ ಇದ್ದಂಗ. ಕೋಲಿಲೆ ಹೊಡ್ಯೂದ, ಚಿಣಿ ಬದಲಿ ಚೆಂಡು.”

“ಚಿಣಿಫಣಿ ಆಡಾಕ ಇಂಜೆಕ್ಷನ್ ಯಾಕ ಬೇಕ್ರಿ ಅವ್ರಿಗೆ?” ಎಂದು ಪಂಚರ ಹಿರಿಯ ನೊಂದುಕೊಂಡ. ಈ ಪುಣ್ಯಾತ್ಮ ಗಾಡಿ ಓಟದ ದಿನ ತನ್ನ ಎತ್ತುಗಳಿಗೆ ಬಾಟಲಿಗಟ್ಟಲೆ ಸೆರೆ ಕುಡಿಸಿ, ಗೆದ್ದ ಬೆಳ್ಳಿ ಕಡಗ ತಾನು ತೊಟ್ಟುಕೊಂಡವನು. ಆ ಕೈ ಎತ್ತಿಕೊಂಡೇ ಅವತ್ತು ಮೈಯ ಶುದ್ಧಿಯ ಬಗ್ಗೆ ಒಂದು ತಾಸು ಮಾತಾಡಿದ.

ಹಮಾಲನನ್ನು ಕರೆದು ಕೇಳಿದರು. ಅವನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. “ಚೀಲ ತೂಗಿ ಕೊಟ್ಟೀರಿ, ಹೊತ್ತೇನಿ. ಮತ್ತೇನ ತೂಗ್ತೀರಿ ತೂಗ್ರಿ” ಎಂದು ಹೋಗಿಬಿಟ್ಟ. ಅವನು ತಗೊಂಡಿದ್ದನೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಕೊನೆಗೆ ಊರಿನ ಜಾಣತನವೆಲ್ಲ ಸೇರಿ ಒಂದು ತೀರ್ಪು ಹೆತ್ತಿತು. ಹೆಸರು ಬರೆಯುವುದು, ಆದರೆ ಆಯಿಲ್ ಪೇಂಟಿನಲ್ಲಲ್ಲ, ಸುಣ್ಣದಲ್ಲಿ. “ಖರೆ ಇದ್ರ ಉಳೀತೈತಿ, ಸುಳ್ಳ ಇದ್ರ ಮಳಿ ತೊಳೀತೈತಿ. ನಮಗ್ಯಾಕ ಪಾಪ?” ಶ್ರಾವಣದ ಜಿಟಿಜಿಟಿ ಮಳೆಯಲ್ಲಿ, ಹೊರಗಿನ ಗೋಡೆಯ ಮೇಲೆ, ಸುಣ್ಣ. ಮುಂದಿನ ಪಂಚಮಿಯವರೆಗೆ ಹೆಸರು ಉಳಿದರೆ ಅರಿಷಿಣದ ಮಾನ ಅವನದು, ತೊಳೆದು ಹೋದರೆ ಮೊದಲಿನಂತೆ ನಮ್ಮದು. ಬರೆಯುವವನು ನಾನೇ. ನೇಸರಗಿಯಿಂದ ಬೈಲಹೊಂಗಲದವರೆಗೆ ಅಂಗಡಿ ಬೋರ್ಡು, ಟ್ರ್ಯಾಕ್ಟರಿನ ಹಿಂದೆ ‘ತಾಯಿಯ ಆಶೀರ್ವಾದ’ ಬರೆದು ಹೊಟ್ಟೆ ಹೊರೆಯುವ ಪೇಂಟರ್ ನಾನು.

ಅವತ್ತು ಊಟಕ್ಕೆ ಕುಳಿತಾಗ ಈ ತೀರ್ಪನ್ನು ಹೊಗಳುತ್ತ ನನ್ನ ಬಾಯಿ ನಿಲ್ಲಲಿಲ್ಲ. ಅಪ್ಪ ರೊಟ್ಟಿ ಮುರಿಯುತ್ತಿದ್ದವನು ಕೈ ತಡೆದ.

“ನಂದೂ ಸುಣ್ಣದಾಗ ಬರಿ.”

“ಯಾಕಪ್ಪಾ?”

“ನಾ ಗೆದ್ದ ವರ್ಷ ಚೀಲದ ಪಾಳಿ ನಮ್ಮ ಮನೀದಿತ್ತು. ನಡುವ ಹೊಟ್ಟು ತುಂಬಿದ್ದ ನಿಮ್ಮ ಮುತ್ಯಾ. ಬೆನ್ನಿಗೆ ಬಿದ್ದ ಕೂಡ್ಲೆ ನನಗ ಗೊತ್ತಾತು.”

“ಮತ್ಯಾಕ ಇಳಸ್ಲಿಲ್ಲ?”

“ಹಲಗಿ ಬಾರಸಾಕ ಹತ್ತಿದ್ರಲ್ಲೋ” ಎಂದ ಅಪ್ಪ. ಆಮೇಲೆ ಉಳಿದ ರೊಟ್ಟಿ ತಿನ್ನಲಿಲ್ಲ.

ಜೋಳವನ್ನು ಮನೆಗೆ ತಂದು ಕೇರಿದ ಮುತ್ಯಾನ ಭಕ್ತಿ ಆಗ ನನ್ನ ತಲೆಗೆ ಹತ್ತಿತು. ನಾಚಿಕೆಯಾಯಿತು ಎಂದು ಬರೆದರೆ ಓದುವವರಿಗೆ ಸಮಾಧಾನ. ನನಗಾದದ್ದು ಹೆದರಿಕೆ, ಯಾರಾದರೂ ಕೇಳಿಸಿಕೊಂಡರೇನೋ ಎಂದು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದೆ.

ಮರುದಿನ ಡಬ್ಬಿ, ಬ್ರಶ್ಶು ಹಿಡಿದು ತಾಲೀಮಿಗೆ ಹೋದೆ. ಹಮಾಲನ ಹೆಸರನ್ನು ಸುಣ್ಣದಲ್ಲಿ ಬರೆದೆ, ತೆಳ್ಳಗೆ. ಪಕ್ಕದಲ್ಲಿ ಅಪ್ಪನ ಹೆಸರು ಹಳೆಯದಾಗಿ ಮಾಸಿತ್ತು. ಅದನ್ನು ಕೆಂಪು ಆಯಿಲ್ ಪೇಂಟಿನಲ್ಲಿ ಎರಡು ಕೋಟು ತಿದ್ದಿದೆ. ದಾರಿಯಲ್ಲಿ ಹೋಗುತ್ತಿದ್ದವರು ನಿಂತು, ತಂದೆಯ ಮೇಲೆ ಎಂಥ ಪ್ರೀತಿ ಎಂದರು.

ಸುಣ್ಣ ಎಂಟು ದಿನ ಬಾಳಲಿಲ್ಲ. ಮುಂದಿನ ಪಂಚಮಿಗೆ ಅಪ್ಪ ಮೊಣಕಾಲು ನೋವೆಂದು ಮಲಗಿಬಿಟ್ಟ. ಅರಿಷಿಣ ಹಚ್ಚಲು ನಾನೇ ಹೋದೆ. ಹಮಾಲ ಗೋಡೆಯ ಮುಂದೆ ನಿಂತಿದ್ದ. ತನ್ನ ಹೆಸರಿದ್ದ ಜಾಗವನ್ನು ಕೈಯಿಂದ ಒಮ್ಮೆ ಸವರಿ, ಅಪ್ಪನ ಹೆಸರಿನ ಕಡೆ ನೋಡಿದ.

“ಕಾಕಾರ ಹೆಸರು ಚಲೋ ಉಳದೈತಿ ನೋಡ್ರಿ ಅಣ್ಣಾರ” ಎಂದ. “ಯಾವ ಪೇಂಟ್ ಹಚ್ಚೀರಿ?”

ಅವನ ದನಿಯಲ್ಲಿ ಕುಹಕ ಇರಲಿಲ್ಲ. ನಾನು ಕಂಪನಿಯ ಹೆಸರು ಹೇಳಿದೆ. ಆಮೇಲೆ ಹೋಗಿ ಚೀಲಕ್ಕೆ ಅರಿಷಿಣ ಹಚ್ಚಿದೆ.