ದೇವರ ಗಡಿಗೆ

ನಮ್ಮ ಭಾಲ್ಕಿಯ ಚರ್ಚಿನಲ್ಲಿ ದೇವರ ಕರೆ ಬಾರದವರಿಗೆ ಮರ್ಯಾದೆ ಇರಲಿಲ್ಲ. ಒಬ್ಬರಿಗೆ ಬೆಳಕಾಗಿ ಬಂದಿತ್ತು, ಇನ್ನೊಬ್ಬರಿಗೆ ಜ್ವರದಲ್ಲಿ ಬಂದಿತ್ತು. ಪಾದ್ರಿಗಳಿಗಂತೂ ಕಮಲನಗರದ ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡುವಾಗ ಬಂದಿತ್ತಂತೆ. ಅವರು ಕರೆಯನ್ನೂ ಬಿಡಲಿಲ್ಲ, ಎಮ್ಮೆಯನ್ನೂ ಬಿಡಲಿಲ್ಲ. ಹತ್ತೊಂಬತ್ತು ತುಂಬಿದ ನನ್ನ ಕಡೆಗೆ ಮಾತ್ರ ದೇವರು ಒಮ್ಮೆ ಕೆಮ್ಮಿಯೂ ಇರಲಿಲ್ಲ.

ನನಗೆ ಕರೆಯ ತುರ್ತಿತ್ತು. ಬೀದರಿನ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿಯಲು ಪಾದ್ರಿಗಳ ಚೀಟಿ ಬೇಕು. ಚೀಟಿ ಬೇಕಾದರೆ ಭಾನುವಾರ ಸಭೆಯೆದುರು ಕರೆಯ ಸಾಕ್ಷಿ ಹೇಳಬೇಕು. ಇಲ್ಲದಿದ್ದರೆ ಔರಾದಿನಲ್ಲಿದ್ದ, ಹೆಂಡತಿ ಸತ್ತವನೊಬ್ಬನಿಗೆ ನನ್ನನ್ನು ಕೊಡುವುದೆಂದು ಕಾಕಾ ಮಾತಾಡಿಟ್ಟಿದ್ದ. ಆತನ ಮೀಸೆ ನೋಡಿದ ಮೇಲೆ ನನ್ನ ಭಕ್ತಿ ವಿಪರೀತ ಹೆಚ್ಚಿತು. ಬೆಳಕಿನ ಕನಸೊಂದನ್ನು ಹೊಸೆದು, ದಿನವೂ ಗೋಡೆಗೆ ಒಪ್ಪಿಸತೊಡಗಿದೆ.

ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆಗಿ ಕೆಲವು ವಾರಗಳಾಗಿದ್ದವು. ನಿಜಾಮರ ಕಾಲ ಮುಗಿಯಿತೆಂದು ಕೆಲವರು ಪೇಢೆ ಹಂಚಿದ್ದರು. ಮುಸಲ್ಮಾನರ ಕೆಲವು ಮನೆಗಳಲ್ಲಿ ಗಂಡಸರೇ ಉಳಿದಿರಲಿಲ್ಲ. ಅದನ್ನು ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ, ನಾವೂ ಆಡಲಿಲ್ಲ.

ಅವ್ವ ಬೀಸಲು ಕೂತಾಗಲೆಲ್ಲ ಮೊದಲ ಹಿಡಿ ಜೋಳವನ್ನು ಮೂಲೆಯ ಗಡಿಗೆಗೆ ಹಾಕುತ್ತಿದ್ದಳು. ಅದು ದೇವರ ಗಡಿಗೆ. ಭಾನುವಾರ, ನಮ್ಮ ಬಾಯಲ್ಲಿ ಐತವಾರ, ಅದು ಚರ್ಚಿಗೆ ಹೋಗಿ, ಪಾದ್ರಿಗಳ ಪ್ರಾರ್ಥನೆಯಾದ ಮೇಲೆ ಬಡವರಿಗೆ ಹಂಚಿಕೆ. ಪಾದ್ರಿಗಳ ಕೋಳಿಗಳೂ ಬಡವರ ಲೆಕ್ಕದಲ್ಲೇ ಇದ್ದಿರಬೇಕು, ಒಳ್ಳೆ ಮೈ ಬಂದಿದ್ದವು.

ಆ ಗುರುವಾರ ಅವ್ವ ಉದ್ದಿನ ರಾಶಿಗೆ ಹೋಗಿದ್ದಳು. ಮನೆಯ ಜೋಳ ತೀರಿತ್ತು, ಇದ್ದ ರೊಟ್ಟಿ ನಾನು ತಿಂದಿದ್ದೆ. ನನ್ನ ಸಾಕ್ಷಿಯಲ್ಲಿ ಇನ್ನೇನು ಬೆಳಕು ಬರಬೇಕು, ಅಷ್ಟರಲ್ಲಿ ಹೊಸ್ತಿಲ ಹೊರಗೆ ಹರಿದ ಬುರಖಾದ ಹೆಂಗಸೊಬ್ಬಳು ನಿಂತಳು. ಸೊಂಟದ ಮೇಲೆ ಕೂಸು.

"ಅಕ್ಕಾ, ಒಂದು ಹಿಡಿ ಜ್ವಾಳ ಹಾಕ್ರಿ. ಔರಾದ ಕಡಿಂದ ನಡಕೋತ ಬಂದೀನಿ. ಎರಡ ದಿನ ಆಯ್ತು, ಕೂಸು ಬರೇ ನೀರಿನ ಮ್ಯಾಲ ಅದ."

ಅವಳ ಕಣ್ಣು ಗಡಿಗೆಯ ಮೇಲಿತ್ತು.

"ಅದು ದೇವರ ಗಡಗಿ ಅದರಿ, ಮುಟ್ಟಬಾರ್ದು," ಎಂದೆ. "ಐತವಾರ ಚರ್ಚಿಗಿ ಬರ್ರಿ. ಅಲ್ಲಿ ಬಡವ್ರಿಗಿ ಹಂಚ್ತಾರ."

"ಐತವಾರ ಅಂದ್ರ ಇದಕ್ಕ ತಿಳಿಯಂಗಿಲ್ಲ, ಅಕ್ಕಾ," ಎಂದು ಕೂಸನ್ನು ನೋಡಿದಳು. ಜಗಳಾಡಲಿಲ್ಲ, ಹೊರಟುಹೋದಳು. ನಾನು ಬೆಳಕು ಬರುವಲ್ಲಿಂದ ಮತ್ತೆ ಶುರು ಮಾಡಿದೆ.

ಸಂಜೆ ಅವ್ವನಿಗೆ ಗಡಿಗೆ ಕಾಯ್ದ ಸಾಹಸವನ್ನು ಹೆಮ್ಮೆಯಿಂದ ಹೇಳಿದೆ. ಅವಳು ತಲೆಯ ಮೇಲಿನ ಹೊರೆ ಇಳಿಸುವುದನ್ನೇ ಮರೆತು ನಿಂತಳು.

"ಬಡವ್ರ ಜ್ವಾಳ ಬಡವ್ರಿಗಿ ಕೊಡ್ಲಿಕ್ಕ ಪಾದ್ರಿ ಅಪ್ಪಣಿ ಬೇಕೇನ?"

ಹೊರೆ ಅಲ್ಲೇ ಚೆಲ್ಲಿ, ಗಡಿಗೆ ಸೊಂಟಕ್ಕೇರಿಸಿ ಓಡಿದಳು. ದೀಪ ಹಚ್ಚುವ ಹೊತ್ತಿಗೆ ತಿರುಗಿ ಬಂದಳು. ಗಡಿಗೆ ತುಂಬಿಯೇ ಇತ್ತು.

"ಬೀದರ ಹತ್ತರ ನೌಬಾದಕ್ಕ ಹೊಂಟಿದ್ದ ಗಾಡಿ ಹಿಂದ ಹೋದ್ಳಂತ. ಐತವಾರ ನೀನ ಹೊತ್ಕೊಂಡು ಹೋಗು."

ಹೊತ್ತುಕೊಂಡು ಹೋದೆ. ಕನಸನ್ನೂ ಹೇಳಿದೆ, ಒಂದು ಅಕ್ಷರ ತಪ್ಪದ ಹಾಗೆ. ಪಾದ್ರಿಗಳು ಕಣ್ಣೊರೆಸಿಕೊಂಡು ಚೀಟಿ ಬರೆದರು, ಸಭೆಯೆಲ್ಲ ಸ್ತೋತ್ರ ಎಂದಿತು. ಅವ್ವ ಮಾತ್ರ ಬಾಗಿಲ ಕಡೆಗೇ ನೋಡುತ್ತಿದ್ದಳು. ಹಂಚಿಕೆಯ ಸಾಲನ್ನು ಎರಡು ಸಲ ಹುಡುಕಿದೆ. ಆ ಹೆಂಗಸು ಬಂದಿರಲಿಲ್ಲ.

ಬೀದರಿನಲ್ಲಿ ಮೂವತ್ತು ವರ್ಷ ನರ್ಸಾಗಿದ್ದೆ. ಬಂದ ಎಷ್ಟೋ ಕೂಸುಗಳಲ್ಲಿ ಆ ಕೂಸನ್ನು ಹುಡುಕಿದ್ದೇನೆ. ಅದರ ಮುಖ ನನಗೆ ನೆನಪಿಲ್ಲ, ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಈಗಲೂ ಚರ್ಚಿನ ಹುಡುಗಿಯರು ಬಂದು, ಅಜ್ಜಿ, ನಿಮಗೆ ದೇವರ ಕರೆ ನಿಜವಾಗಿ ಬಂದಿತ್ತೇ ಎಂದು ಕೇಳುತ್ತಾರೆ. ಬಂದಿತ್ತು, ಒಂದು ಗುರುವಾರ ನಮ್ಮ ಬಾಗಿಲಿಗೇ ಬಂದಿತ್ತು. ಐತವಾರ ಬಾ ಎಂದು ಕಳಿಸಿಬಿಟ್ಟೆ.